ಪಡೆಯುವ ಕೈಯ ಪಾಠ

ಕೊಡುವುದನ್ನು ಕಲಿತವರು ಈ ನಾಡಿನಲ್ಲಿ ಬಹಳ. ಪಡೆಯುವುದನ್ನು ಕಲಿತವರು ವಿರಳ. ದಾಸೋಹವೆಂದೊಡನೆ ನೀಡುವ ಕೈ ಕಣ್ಣಮುಂದೆ ಬರುತ್ತದೆ, ಒಡ್ಡಿದ ಕೈ ಮರೆಯಾಗುತ್ತದೆ. ಒಡ್ಡುವ ಕೈ ಇಲ್ಲದಿದ್ದರೆ ನೀಡುವ ಕೈಗೆ ಕೆಲಸವೆಲ್ಲಿ? ಈ ಮಾತು ಕೋಗಳಿ ಸೀಮೆಯ ಒಬ್ಬ ತಾಯಿಗೆ ಮನವರಿಕೆಯಾದುದು ಮಠದ ಅಂಗಳದಲ್ಲಲ್ಲ, ಪುರಾಣ ಪ್ರವಚನದಲ್ಲಿಯೂ ಅಲ್ಲ. ಕಡಲಾಚೆಯ ಬ್ಯಾಂಕಾಕ್ ಮಹಾನಗರದ ಒಂದು ಓಣಿಯಲ್ಲಿ.

ಶಾಸನಗಳಲ್ಲಿ ಕೋಗಳಿ-ಐನೂರು ಎಂದು ಹೆಸರಾದ ಈ ಭಾಗ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಬಹುಪಾಲು ಮಳೆಯನ್ನೇ ನಂಬಿದ ಬೆದ್ದಲು ನೆಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗುವುದು ಇಲ್ಲಿಯವರಿಗೆ ಹೊಸದಲ್ಲ. ಆದರೂ ಕೊಟ್ಟೂರಿನ ಗುರು ಬಸವೇಶ್ವರರ ತೇರಿಗೆ ದಾವಣಗೆರೆಯ ಕಡೆಯಿಂದ ಸಾವಿರಾರು ಭಕ್ತರು ನಡೆದು ಬರುವಾಗ ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ, ಹಣ್ಣುಗಳ ಸೇವೆ ನಿಲ್ಲುವುದಿಲ್ಲ. ಆ ತಾಯಿಯೂ ಪ್ರತಿವರ್ಷ ಮಜ್ಜಿಗೆಯ ಕೊಡದೊಡನೆ ದಾರಿಯ ಬದಿಯಲ್ಲಿ ನಿಲ್ಲುತ್ತಿದ್ದರು. “ಕೊಟ್ಟು ಗೊತ್ತೈತಿ, ಇಸಗೊಂಡು ಗೊತ್ತಿಲ್ಲ” ಎಂಬುದು ಅವರ ಅಭಿಮಾನದ ಮಾತು. ಅಭಿಮಾನವೂ ಒಂದು ಭಾರವೇ ಎಂಬುದು ಆಗ ಅವರಿಗೆ ತೋರಿರಲಿಲ್ಲ.

ಮಗಳು ಮತ್ತು ಅಳಿಯ ಉದ್ಯೋಗದ ನಿಮಿತ್ತ ಬ್ಯಾಂಕಾಕಿನಲ್ಲಿದ್ದರು. 2023ರ ಕಾರ್ತಿಕದಲ್ಲಿ ಮಗಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಮಗಳು ತವರಿಗೆ ಬರುವುದು ವಾಡಿಕೆ. ಇಲ್ಲಿ ತವರೇ ಹೊರಡಬೇಕಾಯಿತು. ದಾವಣಗೆರೆ, ಹೊಸಪೇಟೆಗಳಾಚೆಗೆ ಒಬ್ಬರೇ ಹೋಗಿ ಅರಿಯದ ಆ ತಾಯಿ ಅಂಟು, ಒಣಕೊಬ್ಬರಿ, ಉತ್ತತ್ತಿ, ಅಜವಾನ, ಬಜೆ, ಲೋಬಾನ, ವಿಭೂತಿ ಗಟ್ಟಿಗಳನ್ನು ಕಟ್ಟಿಕೊಂಡು ಹೊರಟರು. ಕೊಟ್ಟೂರಿನಿಂದ ಬೆಂಗಳೂರಿಗೆ ಒಂದು ಇಡೀ ರಾತ್ರಿಯ ಬಸ್ಸು. ಬೆಂಗಳೂರಿನಿಂದ ಬ್ಯಾಂಕಾಕಿಗೆ ನಾಲ್ಕು ತಾಸಿನ ವಿಮಾನ. ದೂರವೆಂಬುದು ಹರದಾರಿಯ ಲೆಕ್ಕವಲ್ಲ, ಪರಿಚಯದ ಲೆಕ್ಕ.

ಹೆಸರುಗಳನ್ನು ಕೇಳಿದರೆ ಆ ಊರು ಪರಕೀಯವೆನಿಸದು. ವಿಮಾನ ಇಳಿಯುವ ತಾಣದ ಹೆಸರೇ ಸುವರ್ಣಭೂಮಿ. 2006ರಲ್ಲಿ ತೆರೆದ ಆ ನಿಲ್ದಾಣದೊಳಗೆ ಸಮುದ್ರಮಥನದ ಬೃಹತ್ ಶಿಲ್ಪವಿದೆ. 1782ರಲ್ಲಿ ಒಂದನೆಯ ರಾಮನೆಂಬ ಅರಸನು ಚಾವೊ ಫ್ರಾಯಾ ನದಿಯ ಪೂರ್ವದಂಡೆಯಲ್ಲಿ ರಾಜಧಾನಿಯನ್ನು ಸ್ಥಾಪಿಸಿದನು. ಥಾಯ್ ಜನರು ಅದನ್ನು ಬ್ಯಾಂಕಾಕ್ ಎನ್ನುವುದಿಲ್ಲ. ‘ಕ್ರುಂಗ್ ಥೇಪ್’, ಅಂದರೆ ದೇವನಗರಿ ಎನ್ನುತ್ತಾರೆ. ಅದರ ಸುದೀರ್ಘವಾದ ಪೂರ್ಣ ಹೆಸರಿನಲ್ಲಿ ಇಂದ್ರನು ದಯಪಾಲಿಸಿ ವಿಶ್ವಕರ್ಮನು ನಿರ್ಮಿಸಿದ ನಗರವೆಂಬ ವರ್ಣನೆ ಇದೆ. ತಮಿಳು ವಲಸಿಗರು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಸೀಲೋಮ್ ರಸ್ತೆಯಲ್ಲಿ ಇಂದಿಗೂ ಇದೆ.

ಆದರೆ ಹೆಸರು ಕಿವಿಗೆ, ಊರು ಕಣ್ಣಿಗೆ. 2010ರ ಜನಗಣತಿಯಲ್ಲಿಯೇ ಸುಮಾರು 83 ಲಕ್ಷ ಜನರಿದ್ದ ನಗರವದು. ರಸ್ತೆಯ ಮೇಲೆ ಮೇಲ್ಸೇತುವೆ, ಮತ್ತೊಂದೆಡೆ ಕಂಬಗಳ ಮೇಲೆ 1999ರಿಂದ ಓಡುವ ರೈಲು, ಕೆಳಗೆ ಕಾಲುವೆಯ ಕಪ್ಪು ನೀರಿನಲ್ಲಿ ಜನರನ್ನು ತುಂಬಿಕೊಂಡು ನುಗ್ಗುವ ದೋಣಿ. ವಾಹನಗಳು ಇಲ್ಲಿಯಂತೆಯೇ ಎಡಬದಿಯಲ್ಲಿ ಓಡುತ್ತವೆ, ಆದರೆ ದ್ವಿಚಕ್ರಿಗಳು ಕಾಲುದಾರಿಯನ್ನೂ ಬಿಡವು. ವಿದ್ಯುತ್ ಕಂಬಗಳಲ್ಲಿ ಗೂಡಿನಂತೆ ಜೋತುಬಿದ್ದ ತಂತಿಗಳ ರಾಶಿ. ಕೆಳಗೆ ಬಾಣಲೆ, ಕೊಡೆ, ಕುರ್ಚಿ. ತೇರಿನ ದಿನದ ಜಾತ್ರೆಯನ್ನು ಬಲ್ಲ ಆ ತಾಯಿಗೆ ಜನಜಂಗುಳಿ ಹೊಸದಲ್ಲ. ಆದರೆ ಜಾತ್ರೆಯ ಜನಕ್ಕೆ ಒಂದು ದಿಕ್ಕಿದೆ, ಎಲ್ಲರ ಮುಖ ತೇರಿನ ಕಡೆಗೆ. ಇಲ್ಲಿ ಎಲ್ಲರ ಮುಖ ಎಲ್ಲೆಲ್ಲೋ. “ತೇರಿಲ್ಲದ ಜಾತ್ರಿ ಇದು” ಎಂದರು ಮಗಳೊಡನೆ.

ಹನ್ನೊಂದನೆಯ ಮಹಡಿಯ ಮನೆಯಲ್ಲಿ ಬೆಳಗಿನ ಲಿಂಗಪೂಜೆಗೆ ಅಡ್ಡಿಯಿರಲಿಲ್ಲ. ಬಾಣಂತನಕ್ಕಿತ್ತು. ಹೊಗೆ ತಾಗಿದರೆ ಕೂಗುವ ಯಂತ್ರ ಮಾಳಿಗೆಗೆ ಅಂಟಿಕೊಂಡಿತ್ತು. ಕೆಂಡದ ಅಗ್ಗಿಷ್ಟಿಕೆ ಇಡುವಂತಿಲ್ಲ, ಲೋಬಾನ ಹಾಕುವಂತಿಲ್ಲ. ಬಾಣಂತಿಯ ಸೊಂಟ ಕಾಯಿಸುವುದು ಹೇಗೆ? ಹಾಲು ಇಳಿಯಲು ಸಬ್ಬಸಿಗೆ ಸೊಪ್ಪು ಎಲ್ಲಿ? ಮಗು ಹಾಲು ಸಾಲದೆ ಅಳುತ್ತಿತ್ತು, ಮಗಳು ಕುಗ್ಗಿದ್ದಳು. ಸಾಗರ ದಾಟಿ ಬಂದುದು ಇದಕ್ಕಾಗಿಯೇ, ಇದೇ ಆಗದಿದ್ದರೆ ಬಂದು ಫಲವೇನೆಂಬ ಕೊರಗು ಆ ತಾಯಿಯನ್ನು ಕಾಡಿತು.

ಮೊದಲ ದಿನಗಳಲ್ಲಿ ಅಳಿಯನೊಡನೆ ಮುಂಜಾನೆ ಕೆಳಗಿಳಿದಾಗ ಅವರು ಒಂದು ನೋಟ ಕಂಡರು. ಕಾವಿ ಧರಿಸಿದ ಬೌದ್ಧ ಭಿಕ್ಷುಗಳು ಬರಿಗಾಲಿನಲ್ಲಿ, ಪಾತ್ರೆ ಹಿಡಿದು ಸಾಲಾಗಿ ಬರುತ್ತಿದ್ದರು. ಅಂಗಡಿಯವರು ಚಪ್ಪಲಿ ಬಿಟ್ಟು ಪಾತ್ರೆಯಲ್ಲಿ ಅನ್ನವಿಟ್ಟು ಮೊಣಕಾಲೂರಿ ಕೈಮುಗಿದರು. ಪಡೆದವರು ಕೃತಜ್ಞತೆ ಹೇಳಲಿಲ್ಲ. ಕೊಟ್ಟವರೇ ಧನ್ಯರಾದವರಂತೆ ಎದ್ದರು. ಜಂಗಮರ ಜೋಳಿಗೆಗೆ ಭಿಕ್ಷೆ ನೀಡಿದ ಮನೆತನದ ಆ ತಾಯಿಗೆ ಇದು ಅರ್ಥವಾಯಿತು. ಕೊಡುವವರ ಕಡೆಯಿಂದ ಮಾತ್ರ ಅರ್ಥವಾಯಿತು.

ಒಂದು ದಿನ ಅಳಿಯ ಕಚೇರಿಗೆ ಹೋದ ಮೇಲೆ ಅವರೇ ಸೊಪ್ಪು ಹುಡುಕಲು ಇಳಿದರು. “ಅವ್ವಾ, ಒಬ್ಬಾಕೀನ ಹೋಗಬ್ಯಾಡ” ಎಂದ ಮಗಳು, ಅವರು ಕೇಳದಿದ್ದಾಗ ಥಾಯ್ ಲಿಪಿಯ ವಿಳಾಸದ ಚೀಟಿಯನ್ನು ಕೈಗಿತ್ತಳು. ಸುಟ್ಟ ಬಾಳೆಹಣ್ಣು ಮಾರುವ ಕೆಂಪು ಕೊಡೆಯ ಕೈಗಾಡಿಯನ್ನು ತಿರುವಿನ ಗುರುತಾಗಿಟ್ಟುಕೊಂಡು ಸಂತೆಗೆ ಹೋದರು. ಅಲ್ಲಿ ಒಬ್ಬ ವೃದ್ಧೆಯ ಬುಟ್ಟಿಯಲ್ಲಿ ಸಾಕ್ಷಾತ್ ಸಬ್ಬಸಿಗೆ! ಮೂಸಿ ನೋಡಿ ಎರಡು ಕಟ್ಟು ಕೊಂಡರು. ಮರಳುವಾಗ ಕೆಂಪು ಕೊಡೆ ಇರಲಿಲ್ಲ. ಬೆಳಗಿನ ವ್ಯಾಪಾರ ಮುಗಿಸಿ ಕೈಗಾಡಿಗಳು ಜಾಗ ಖಾಲಿಮಾಡಿದ್ದವು. ಓಣಿಯ ಮುಖವೇ ಬದಲಾಗಿತ್ತು. ಎರಡು ಸಲ ಸುತ್ತಿದರು, ಬಿಸಿಲೇರಿತು, ಎದೆ ಡವಡವಿಸಿತು. ಕಡೆಗೆ ಕಾಲು ತಂದು ನಿಲ್ಲಿಸಿದ್ದು ಆ ಸೊಪ್ಪಿನ ವೃದ್ಧೆಯ ಮುಂದೆಯೇ.

ಆಕೆ ಏನನ್ನೂ ಕೇಳದೆ ತನ್ನ ಕುರ್ಚಿ ಬಿಟ್ಟುಕೊಟ್ಟಳು, ನೀರು ಕೊಟ್ಟಳು. ಸೊಪ್ಪು ತೋರಿಸಿ ಯಾಕೆಂದು ಸನ್ನೆ ಮಾಡಿದಳು. ಈ ತಾಯಿ ತೋಳಲ್ಲಿ ಮಗುವನ್ನು ತೂಗಿ ತೋರಿಸಿದರು. ವೃದ್ಧೆಯ ಮುಖ ಅರಳಿತು. ಬಾಳೆಯ ಹೂವೊಂದನ್ನು ಚೀಲಕ್ಕೆ ಹಾಕಿ ಎದೆ ಮುಟ್ಟಿ ತೋರಿಸಿದಳು: ಹಾಲಿಗೆ ಒಳ್ಳೆಯದು. ನೂರು ಬಾತಿನ ನೋಟು ಚಾಚಿದರೆ ಆ ಬೆರಳುಗಳನ್ನೇ ಮಡಿಚಿ ನೋಟನ್ನು ಹಿಂತಿರುಗಿಸಿದಳು. ಚೀಟಿ ಓದಿಸಿಕೊಂಡು ಕಿತ್ತಳೆ ಬಣ್ಣದ ಅಂಗಿಯ ಬಾಡಿಗೆ ಬೈಕಿನ ಯುವಕನನ್ನು ಕೂಗಿದಳು. ಅಪರಿಚಿತನ ಹಿಂದೆ ಬೈಕೇರಲು ಈ ತಾಯಿ ಒಪ್ಪದಿರಲು, ಅವನು ಎಂಜಿನ್ ಆರಿಸಿ, ಬೈಕನ್ನು ತಳ್ಳುತ್ತ ಮನೆಯ ಬಾಗಿಲವರೆಗೂ ಜೊತೆಗೆ ನಡೆದನು.

ಮರುದಿನ ಥಾಯ್ ಭಾಷೆ ಅಲ್ಪಸ್ವಲ್ಪ ಬಲ್ಲ ಅಳಿಯನೊಡನೆ ಹೋದಾಗ ಕಥೆ ತಿಳಿಯಿತು. ಆಕೆ ಈಶಾನ್ಯದ ಇಸಾನ್ ಸೀಮೆಯವಳು. ಕೋಗಳಿಯಂತೆಯೇ ಮಳೆಯಾಶ್ರಿತ ನೆಲ, ದುಡಿಯಲು ಮಹಾನಗರಕ್ಕೆ ಹೊರಡುವ ಜನ. ಅವರಲ್ಲಿಯೂ ಬಾಣಂತಿಯನ್ನು ಬೆಂಕಿಯ ಬಳಿ ಮಲಗಿಸುವ ಪದ್ಧತಿಯಿದೆ, ಅದಕ್ಕೆ ‘ಯೂ ಫಾಯ್’ ಎನ್ನುತ್ತಾರೆ. ಹೊಗೆಯ ತೊಡಕು ಕೇಳಿ ಆಕೆ ನಕ್ಕು, ಬಟ್ಟೆಯ ಎರಡು ಗಂಟುಗಳನ್ನು ಕೊಟ್ಟಳು. ‘ಲುಕ್ ಪ್ರಖೋಪ್’ ಎಂಬ ಆ ಗಂಟಿನಲ್ಲಿ ಅರಿಸಿನ, ಮಜ್ಜಿಗೆಹುಲ್ಲು, ನಿಂಬೆಜಾತಿಯ ಸಿಪ್ಪೆ, ಕರ್ಪೂರಗಳಿರುತ್ತವೆ. ಹಬೆಯಲ್ಲಿ ಕಾಯಿಸಿ ಮೈಗೆ ಒತ್ತಬೇಕು. ಹೊಗೆಯಿಲ್ಲ, ಕೆಂಡವಿಲ್ಲ. ಈ ಸಲ ತಾಯಿ ನೋಟು ತೆಗೆಯಲಿಲ್ಲ. ಎರಡೂ ಕೈಯೊಡ್ಡಿ ಪಡೆದರು, ಹಣೆಗೆ ಒತ್ತಿಕೊಂಡರು.

ಇಡ್ಲಿ ಪಾತ್ರೆಯಲ್ಲಿ ಗಂಟು ಬೆಂದಿತು; ಮಗಳ ಬೆನ್ನು ಸಡಿಲವಾಯಿತು, ಅಂದು ನಿದ್ದೆ ಬಂದಿತು. ದಿನಗಳೆದಂತೆ ಹಾಲೂ ಇಳಿಯಿತು. ಸಬ್ಬಸಿಗೆಯಿಂದಲೋ, ಬಾಳೆಯ ಹೂವಿನಿಂದಲೋ, ನಿದ್ದೆಯಿಂದಲೋ ಯಾರು ಬಲ್ಲರು?

ಕೊಡುವಾಗ ಮನುಷ್ಯ ತನ್ನಲ್ಲಿರುವುದನ್ನು ಮಾತ್ರ ಕೊಡುತ್ತಾನೆ. ಪಡೆಯುವಾಗ ತಾನು ಅಪೂರ್ಣನೆಂಬುದನ್ನೂ ಒಪ್ಪಬೇಕಾಗುತ್ತದೆ. ನಾನು ನೀಡಿದೆನೆಂಬ ಅಹಂಕಾರವಳಿಯದ ನೀಡಿಕೆ ದಾನವಾದೀತು, ದಾಸೋಹವಾಗದು. ಆ ಅಹಂಕಾರ ಕರಗಲು ಒಮ್ಮೆ ದಾರಿ ತಪ್ಪಿ, ಅನ್ಯರ ಕುರ್ಚಿಯಲ್ಲಿ ಕುಳಿತು, ಅನ್ಯರ ನೀರು ಕುಡಿಯಬೇಕೇನೋ. ಗುಳೆ ಹೋದ ಕೋಗಳಿಯ ಮಕ್ಕಳಿಗೂ ಬೆಂಗಳೂರಿನ ಯಾವುದೋ ತಿರುವಿನಲ್ಲಿ ಯಾರೋ ಹಾಗೆಯೇ ದಾರಿ ತೋರಿರುತ್ತಾರೆ.

ಊರಿಗೆ ಹೊರಡುವ ಮುನ್ನ ಆ ತಾಯಿ ಮಗಳಿಗೆ ಹೇಳಿದರು: “ಹಬ್ಬಕ್ಕ ಹೋಳಿಗಿ ಮಾಡಿದಾಗ ಆ ಅಜ್ಜಿಗೆ ನಾಕು ಕೊಟ್ಟು ಬಾ. ಋಣ ತೀರಸಾಕಂತ ಅಲ್ಲವ್ವಾ, ಋಣ ಇರಲಿ ಅಂತ.”