ಮಂಗಳದ ನೀರು ಎಲ್ಲಿ ಹೋಯಿತು?

ಶಿರೋಳಿಯಲ್ಲಿ ಬೇಕರಿ ಹಾಕಿ ನನಗೆ ಹದಿನಾರು ವರ್ಷ ಆಯಿತು. ಕೊಲ್ಹಾಪುರದ ಹತ್ತಿರದ ಈ ಊರಲ್ಲಿ ಫೌಂಡ್ರಿಗಳು ಜಾಸ್ತಿ. ಪಾಳಿ ಮುಗಿಸಿ ಬರುವವರಿಗೆ ಚಹಾ, ಖಾರಿ, ಪಾವ್ ಬೇಕು. ನಮ್ಮ ಹೊಟ್ಟೆಪಾಡು ಅದರಲ್ಲೇ. ಹೊರಗೆ ಮರಾಠಿ, ಕೆಲವು ಗಿರಾಕಿಗಳೊಡನೆ ಕನ್ನಡ, ಮನೆಯೊಳಗೆ ಬ್ಯಾರಿ.

2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿತು. ಪುಣೆ-ಬೆಂಗಳೂರು ಹೈವೇ ಶಿರೋಳಿಯ ಬಳಿ ದಿನಗಟ್ಟಲೆ ಬಂದ್. ನಮ್ಮ ಅಂಗಡಿಯ ಮೈದಾ ಮೂಟೆಗಳು ನೆನೆದು ಹಾಳಾದವು, ಫ್ರಿಜ್ ಕೆಟ್ಟಿತು. ನೀರು ಇಳಿದ ಮೇಲೆ ಕೆಸರು ಬಳಿಯುತ್ತಿದ್ದಾಗ, ಏಳನೇ ಕ್ಲಾಸಿನಲ್ಲಿದ್ದ ಮಗಳು ಕೇಳಿದಳು: "ಉಪ್ಪಾ, ಮಂಗಳದಲ್ಲೂ ಹೊಳೆ ಇತ್ತಂತೆ. ಆ ನೀರೆಲ್ಲ ಎಲ್ಲಿ ಹೋಯಿತು?"

ನಮ್ಮ ಭಾಷೆಯಲ್ಲಿ ಮಂಗಳೂರು ಮೈಕಾಲ. ಹಾಗಾಗಿ ನನ್ನ ಉಮ್ಮನಿಗೂ ಗೊಂದಲವಾಗಲಿಲ್ಲ, ಇದು ಆಕಾಶದ ಮಂಗಳವೇ. ಉತ್ತರ ಮಾತ್ರ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ಅವತ್ತಿನಿಂದ ಅವಳು ಓದಿ ಹೇಳುವುದು, ನಾನು ಕೇಳುವುದು.

ಮಂಗಳ ನಮ್ಮ ಭೂಮಿಗಿಂತ ಚಿಕ್ಕದು. ಒಳಗಿನ ಬಿಸಿ ಬೇಗ ಆರಿತು. ಸುಮಾರು 400 ಕೋಟಿ ವರ್ಷಗಳ ಹಿಂದೆ ಅದರ ಕಾಂತಕ್ಷೇತ್ರ ಅಳಿಯಿತು. ಆಮೇಲೆ ಸೂರ್ಯನಿಂದ ಬರುವ ಕಣಗಳ ಹೊಡೆತಕ್ಕೆ ಅದರ ಗಾಳಿ ಸ್ವಲ್ಪ ಸ್ವಲ್ಪವೇ ಬಾಹ್ಯಾಕಾಶಕ್ಕೆ ಸೋರಿತು. ಈಗ ಉಳಿದಿರುವ ಗಾಳಿಯ ಒತ್ತಡ ನಮ್ಮಲ್ಲಿನ ನೂರರಲ್ಲೊಂದು ಪಾಲೂ ಇಲ್ಲ. ಉಳಿದದ್ದರಲ್ಲಿ ಶೇ. 95ರಷ್ಟು ಇಂಗಾಲದ ಡೈಆಕ್ಸೈಡ್. ಒಂದಷ್ಟು ನೀರು ಮಂಜುಗಡ್ಡೆಯಾಗಿ ಅಲ್ಲೇ ಇದೆ. ಮತ್ತೊಂದಷ್ಟು ಬಿಸಿಲಿಗೆ ಒಡೆದು, ಹಗುರವಾದ ಹೈಡ್ರೋಜನ್ ಹಾರಿಹೋಯಿತು.

"ಹಾರಿಹೋದದ್ದನ್ನು ಲೆಕ್ಕ ಹಾಕುವುದು ಹೇಗೆ?" ಎಂದೆ. ಅವಳು ಉಮ್ಮನ ಗೆರಸೆ ತೋರಿಸಿದಳು. ಕೇರುವಾಗ ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಹೈಡ್ರೋಜನ್‌ಗೆ ಡ್ಯುಟೇರಿಯಂ ಎಂಬ ತೂಕದ ಅಣ್ಣ ಇದ್ದಾನೆ; ಅವನು ಅಷ್ಟು ಸುಲಭಕ್ಕೆ ಹಾರುವುದಿಲ್ಲ. ಮಂಗಳದ ಗಾಳಿಯಲ್ಲಿ ಅವನ ಪಾಲು ಭೂಮಿಯಲ್ಲಿರುವುದಕ್ಕಿಂತ ಐದಾರು ಪಟ್ಟು ಹೆಚ್ಚು. ಅಂದರೆ ಹೊಟ್ಟು ಬಹಳ ಹಾರಿದೆ.

ಇದನ್ನು ಅಳೆಯಲೆಂದೇ ನಮ್ಮ ಮಂಗಳಯಾನದಲ್ಲಿ ಲೈಮನ್ ಆಲ್ಫಾ ಫೋಟೋಮೀಟರ್ ಇತ್ತು. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟ ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಐದು ಉಪಕರಣಗಳು, ಒಟ್ಟು ಸುಮಾರು 15 ಕೆಜಿ. ನಮ್ಮ ಅರ್ಧ ಮೂಟೆ ಮೈದಾಕ್ಕಿಂತ ಕಡಿಮೆ. ಬೆಂಗಳೂರಿನಿಂದ ನಿಯಂತ್ರಣ, ಬ್ಯಾಲಾಳುವಿನ 32 ಮೀಟರ್ ಆಂಟೆನಾದಲ್ಲಿ ಸಂಕೇತ. ಆರು ತಿಂಗಳಿಗೆಂದು ಕಳಿಸಿದ್ದು 2022ರವರೆಗೆ ಬಾಳಿತು. ಅದಕ್ಕೆ ಎರಡು ದಿನ ಮೊದಲು ತಲುಪಿದ ನಾಸಾದ ಮೇವೆನ್, ಮಂಗಳದ ಗಾಳಿಯ ಆರ್ಗಾನ್‌ನಲ್ಲಿ ಮೂರರಲ್ಲಿ ಎರಡು ಪಾಲು ಕಳೆದುಹೋಗಿದೆ ಎಂದು ಲೆಕ್ಕ ಕೊಟ್ಟಿತು. ಧೂಳಿನ ಬಿರುಗಾಳಿ ಎದ್ದಾಗ ನೀರಾವಿ ಮೇಲೇರಿ ಹೈಡ್ರೋಜನ್ ನಷ್ಟ ಹೆಚ್ಚುತ್ತದೆ ಎಂಬುದೂ ಗೊತ್ತಾಯಿತು.

ಮಗಳು ಈ ವರ್ಷ ಹನ್ನೆರಡನೇ ಮುಗಿಸಿದಳು. ಫಿಸಿಕ್ಸ್ ಬಿಎಸ್ಸಿ ಮಾಡುತ್ತೇನೆ ಎಂದಳು. ಊರಿನಿಂದ ಫೋನುಗಳು ಶುರುವಾದವು: "ಫಾರ್ಮಸಿ ಮಾಡಿಸು, ಕೆಲಸ ಸಿಗುತ್ತದೆ." "ಹೆಣ್ಣುಮಗು ನಕ್ಷತ್ರ ನೋಡಿ ಏನು ಮಾಡುತ್ತಾಳೆ?" ಅವರ ಮಾತು ಪ್ರೀತಿಯದ್ದೇ. ಹೊಳೆ ನೀರಿಗೆ ಒಮ್ಮೆ ಎಲ್ಲ ಕಳಕೊಂಡವನಿಗೆ ಖಾತ್ರಿ ಸಂಬಳದ ಬೆಲೆ ಗೊತ್ತು.

ನಾನು ಅವರಿಗೆ ಉಡುಪಿ ಬಳಿಯ ಅದಮಾರಿನ ಹೆಸರು ಹೇಳಿದೆ. ಅಲ್ಲಿ ಹುಟ್ಟಿದ ಯು.ಆರ್. ರಾವ್ 1975ರಲ್ಲಿ ಆರ್ಯಭಟ ಉಪಗ್ರಹ ಕಟ್ಟಿದ ತಂಡವನ್ನು ಮುನ್ನಡೆಸಿದವರು. ಮಂಗಳಯಾನದ ಉಪಕರಣಗಳನ್ನು ಆರಿಸಿದ ಸಲಹಾ ಸಮಿತಿಗೂ ಅವರೇ ಅಧ್ಯಕ್ಷರು. ನಮ್ಮ ಕರಾವಳಿಯ ಹಳ್ಳಿಯಿಂದಲೇ ಮಂಗಳಕ್ಕೆ ದಾರಿ ಇದೆ.

ಉಮ್ಮ ಹೇಳಿದ್ದು ಒಂದೇ ಮಾತು: "ನಿನ್ನ ಹತ್ತಿರ ಇಲ್ಲದ ಉತ್ತರ ಅವಳು ಹುಡುಕಿದಳಲ್ಲ, ಓದಲಿ ಬಿಡು."

ಅಂಗಡಿಯ ಹೊಸ ಓವನ್ನಿಗೆಂದು ಇಟ್ಟ ಹಣ ಕಾಲೇಜಿನ ಫೀಸಿಗೆ ಹೋಯಿತು. ಹಳೆಯ ಓವನ್ ಇನ್ನೊಂದೆರಡು ವರ್ಷ ತಡೆಯುತ್ತದೆ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಕೇಳುವ ಮಗು ಇದ್ದರೆ, ಅವಸರದಲ್ಲಿ ಬಾಯಿ ಮುಚ್ಚಿಸಬೇಡಿ.