ಹೊಳಿ ಹಾಯೋ ಜಾಗಾ

ಹೊಸ್ತಿಲು ನೋಡಿಕೊಂಡು ದಾಟಿ. ಎರಡೂ ಬದಿಗೆ ಸಗಣಿಯ ಪಾಂಡವರು ಕೂತಿದ್ದಾರೆ. ಬೆಳಗ್ಗೆ ಇಟ್ಟದ್ದು, ಇನ್ನೂ ಹಸಿ ಆರಿಲ್ಲ. ತಲೆಗೆ ಉತ್ತರಾಣಿ ಕಡ್ಡಿ, ಮೈಗೆ ಚೆಂಡು ಹೂವಿನ ಎಸಳು. ಇವತ್ತು 2025ರ ಅಕ್ಟೋಬರ್ 22, ಬಲಿಪಾಡ್ಯ. ದಿನವೂ ಎದೆಯೊಳಗೇ ಬಡಿದಂತೆ ಕೇಳುವ ಪಾವರ್‌ಲೂಮುಗಳು ರಾಮದುರ್ಗದ ಈ ಓಣಿಯಲ್ಲಿ ಇವತ್ತು ಸುಮ್ಮನಿವೆ. ಪೂಜೆ ಮಾಡಿಸಿಕೊಂಡು, ಹೂವು ಮುಡಿದುಕೊಂಡು ಕತ್ತಲಲ್ಲಿ ನಿಂತಿವೆ.

ಒಳಗೆ ಬಂದರೆ ಎಡಗಡೆಯ ಗೋಡೆ ನೋಡಿ. ನಿಮ್ಮ ಭುಜದ ಎತ್ತರಕ್ಕೆ ಒಂದು ಕಂದು ಗೆರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಬಂದು ಎಳೆದು ಹೋದದ್ದು. ಎರಡು ಸಲ ಸುಣ್ಣ ಹೊಡೆಸಿದರೂ ಮತ್ತೆ ಮೂಡಿದೆ. ಅಂದಿನಿಂದ ಈ ಮನೆಯಲ್ಲಿ ಬೆಲೆಬಾಳುವ ಯಾವ ಸಾಮಾನನ್ನೂ ಆ ಗೆರೆಗಿಂತ ಕೆಳಗೆ ಇಡುವುದಿಲ್ಲ. ಮನೆಪತ್ರದ ಟ್ರಂಕು ಅದರ ಮೇಲೆ, ಕಾಳಿನ ಡಬ್ಬಿಗಳು ಅದರ ಮೇಲೆ. ಕಂಪ್ಯೂಟರಿನ ಸಿಪಿಯು ಕೂಡ ಗೆರೆಯಿಂದ ಒಂದು ಗೇಣು ಮೇಲೆ, ಗೋಡೆಗೆ ಬಡಿದ ಹಲಗೆಯ ಮೇಲೆ ಕೂತು ಹೂಂಕರಿಸುತ್ತಿದೆ. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ತಂಗಿಯ ಮಗ. ಹತ್ತನೇ ಈಯತ್ತೆ. ಬೆಳಗಿನ ಎಣ್ಣೆ ಸ್ನಾನದ ಜಿಡ್ಡು ಇನ್ನೂ ಕೂದಲಲ್ಲಿದೆ.

‘ಮಾಮಾ, ಬಾ. ಬಂದೈತಿ.’

ಬಂದದ್ದು ಪುರು. ಏಜ್ ಆಫ್ ಎಂಪೈರ್ಸ್ 2 ಎಂಬ ಆಟದ ‘ಕ್ರಾನಿಕಲ್ಸ್’ ಸಾಲಿನಲ್ಲಿ ಅಲೆಕ್ಸಾಂಡರನ ಮೇಲಿನ ಹೊಸ ವಿಸ್ತರಣೆ ಇದೇ ಅಕ್ಟೋಬರ್ 14ಕ್ಕೆ ಹೊರಬಿದ್ದಿತು. ಹೋದ ವರ್ಷ ನವೆಂಬರಿನಲ್ಲಿ ಬಂದ ಮೊದಲನೆಯದರಲ್ಲಿ ಅಥೆನ್ಸ್, ಸ್ಪಾರ್ಟಾ, ಪರ್ಷಿಯಾ ಇದ್ದವು. ಈಗ ಮ್ಯಾಸಿಡೋನಿಯಾದವರು, ಥ್ರೇಸಿನವರು, ಜೊತೆಗೆ ಪುರುಗಳು, ಅಂದರೆ ಪೋರಸ್ ಎಂದೂ ಕರೆಯುವ ಪೌರವನ ಜನ. ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಇಳಿಸಿಕೊಳ್ಳಲು ಹುಡುಗನಿಗೆ ಎರಡು ರಾತ್ರಿ ಹಿಡಿದಿದೆ. ಮೂಲ ಆಟ ಇವನಿಗಿಂತ ಹಳೆಯದು, 1999ರದ್ದು. ಧಾರವಾಡದಲ್ಲಿ ನಾನು ಓದುವಾಗ ಸೈಬರ್ ಕೆಫೆಯಲ್ಲಿ ತಾಸಿನ ಲೆಕ್ಕದಲ್ಲಿ ರೊಕ್ಕ ಕೊಟ್ಟು ಆಡಿದ್ದು. ಆಗ ನಕಾಶೆಯಲ್ಲಿ ಇಂಡಿಯಾ ಎಂಬುದೇ ಇರಲಿಲ್ಲ. 2022ರ ವಿಸ್ತರಣೆಯಲ್ಲಿ ‘ದ್ರವಿಡರು’ ಎಂಬ ಒಂದೇ ಗುಡಾರದಡಿ ದಕ್ಷಿಣದವರನ್ನೆಲ್ಲ ಕೂರಿಸಿದರು. ಕಥೆ ಮಾತ್ರ ರಾಜೇಂದ್ರ ಚೋಳನದು. ಚಾಲುಕ್ಯರಿಗೆ ತಮ್ಮದೇ ಬಾಗಿಲು ಇನ್ನೂ ಆಗಿಲ್ಲ. ನನಗೆ ಅದರಿಂದ ದೊಡ್ಡ ಸಂಕಟವೇನೂ ಇಲ್ಲ. ಹುಡುಗನಿಗೆ ಇದೆ.

ಸ್ಕ್ರೀನಿನ ಹತ್ತಿರ ಬನ್ನಿ. ಸುತ್ತ ಕಪ್ಪು, ನಡುವೆ ಅಂಗೈಯಷ್ಟು ಹಸಿರು. ಹತ್ತಾರು ಪುಟ್ಟ ಮನುಷ್ಯರು. ಒಬ್ಬ ಮರ ಕಡಿಯುತ್ತಾನೆ, ಒಬ್ಬಳು ಹಣ್ಣು ಬಿಡಿಸುತ್ತಾಳೆ. ಆಹಾರ, ಕಟ್ಟಿಗೆ, ಬಂಗಾರ, ಕಲ್ಲು, ನಾಲ್ಕರ ಲೆಕ್ಕವೂ ಮೇಲಿನ ಪಟ್ಟಿಯಲ್ಲಿ ಏರುತ್ತಿದೆ. ಯಾರಾದರೂ ಕೈಕಟ್ಟಿ ನಿಂತರೆ ಮೂಲೆಯಲ್ಲಿ ಗುರುತು ಹೊಳೆದು ಹೇಳಿಕೊಡುತ್ತದೆ.

ಹಿಂದಿನಿಂದ ಅಜ್ಜ ಬಂದರು, ತಂಗಿಯ ಮಾವ. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಎಳೆದವರು. ಕನ್ನಡಕವನ್ನು ಹಣೆಗೇರಿಸಿ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದರು.

‘ಅಲ್ಲೊಬ್ಬ ಸುಮ್ಮ ನಿಂತಾನ ನೋಡ. ಅವನ್ನ ಕೆಲಸಕ್ಕ ಹಚ್ಚ.’

ಹುಡುಗ ಹಚ್ಚಿದ.

‘ಯಾರ ಜಗಳಾ ಇದು?’

‘ಪೋರಸ್, ಅಲೆಕ್ಸಾಂಡರ್.’

‘ಸಿಕಂದರ ಅನ್ನ!’ ಅಜ್ಜನಿಗೆ ಕುರ್ಚಿ ಬೇಕಾಯಿತು. ಟೂರಿಂಗ್ ಟಾಕೀಸಿನಲ್ಲಿ ನೆಲಕ್ಕೆ ಕೂತು ನೋಡಿದ ‘ಸಿಕಂದರ್ ಎ ಆಜಂ’ ನೆನಪಾಗಿದೆ. 1965ರ ಚಿತ್ರ. ಸಿಕಂದರನಾಗಿ ದಾರಾ ಸಿಂಗ್, ಪೌರವನಾಗಿ ಪೃಥ್ವಿರಾಜ್ ಕಪೂರ್. ಇದೇ ಪೃಥ್ವಿರಾಜರು 1941ರ ‘ಸಿಕಂದರ್’ನಲ್ಲಿ ಸಿಕಂದರನೇ ಆಗಿದ್ದರು ಎಂದು ನಾನು ಹೇಳಿದರೆ ಅಜ್ಜ ನಂಬಲಿಲ್ಲ. ‘ಒಬ್ಬನ ಮನಷ್ಯಾ ಹೊಳಿ ಎರಡೂ ದಂಡ್ಯಾಗ ಹ್ಯಾಂಗ ನಿಲ್ತಾನ ಬೀಗರ?’ ಎಂದರು.

ಇಪ್ಪತ್ತು ನಿಮಿಷ ಕಳೆದಿದೆ. ನಕಾಶೆಯ ನಡುವೆ ನದಿ ಕಂಡಿದೆ. ನೀಲಿ ನೀರು, ಅಲ್ಲಲ್ಲಿ ನಸುಬಣ್ಣದ ಪಟ್ಟಿ. ಆ ಪಟ್ಟಿಯಲ್ಲಷ್ಟೇ ಸೈನ್ಯ ನಡೆದು ದಾಟಬಹುದು. ಹುಡುಗ ಒಂದು ಪಟ್ಟಿಯ ಎದುರು ತನ್ನ ಆನೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾನೆ. ಹಿಂದೆ ಬಿಲ್ಲುಗಾರರು. ಆಚೆ ದಡದಲ್ಲಿ ಈಟಿಗಳು ಆಗೊಮ್ಮೆ ಈಗೊಮ್ಮೆ ಕಂಡು ಮಾಯವಾಗುತ್ತವೆ.

‘ಬರ್ಲಿ ಈಗ,’ ಎಂದ ಹುಡುಗ.

ಬಂದರು. ಇಲ್ಲಿ ಅಲ್ಲ. ಮೇಲ್ಗಡೆ, ನಕಾಶೆ ಇನ್ನೂ ಕಪ್ಪಗಿದ್ದ ಮೂಲೆಯಿಂದ. ಗಂಟೆ ಬಾರಿಸಿದ ಸದ್ದು. ಸಣ್ಣ ನಕಾಶೆಯಲ್ಲಿ ಕೆಂಪು ಚುಕ್ಕೆಗಳು. ಕಟ್ಟಿಗೆ ಕಡಿಯುತ್ತಿದ್ದವನು ಮಲಗಿದ, ಹಣ್ಣು ಬಿಡಿಸುತ್ತಿದ್ದವಳು ಓಡಿದಳು. ಆನೆಗಳನ್ನು ತಿರುಗಿಸಬೇಕು, ಆನೆ ತಿರುಗುವುದು ಆನೆಯ ಹಾಗೆಯೇ. ಹುಡುಗನ ಬೆರಳು ಮೌಸಿನ ಮೇಲೆ ಟಕಟಕಟಕ.

ನನಗೆ ನಗು ತಡೆಯಲಿಲ್ಲ. ಕ್ರಿ.ಪೂ. 326ರಲ್ಲಿ ಪೌರವನಿಗೂ ಆದದ್ದು ಇದೇ. ಗ್ರೀಕರು ಹಿಡಾಸ್ಪಿಸ್ ಎಂದು ಕರೆದ ವಿತಸ್ತಾ, ಇವತ್ತಿನ ಝೇಲಂ, ಮಳೆ ನೀರಿಗೂ ಕರಗಿದ ಹಿಮಕ್ಕೂ ತುಂಬಿ ಹರಿಯುತ್ತಿತ್ತು. ಏರಿಯನ್ ಎಂಬ ಗ್ರೀಕ್ ಇತಿಹಾಸಕಾರ ಬರೆದ ಪ್ರಕಾರ ಪೌರವನ ಬಳಿ ಆನೆಗಳೇ 200. ಆನೆ ಕಂಡ ಕುದುರೆ ನೀರಿನಿಂದ ಮೇಲೆ ಬರುವುದಿಲ್ಲ. ಅಲೆಕ್ಸಾಂಡರ್ ಏನು ಮಾಡಿದ? ದಿನಾ ರಾತ್ರಿ ದಡದುದ್ದಕ್ಕೂ ಕುದುರೆ ಓಡಿಸಿ ಗದ್ದಲ ಎಬ್ಬಿಸಿದ. ಗದ್ದಲ ಆದ ಕಡೆಗೆಲ್ಲ ಪೌರವನೂ ಆನೆ ನಡೆಸಿದ, ಆಮೇಲೆ ಬೇಸತ್ತು ನಿಲ್ಲಿಸಿದ. ನೀರು ಇಳಿಯುವ ತನಕ ಇಲ್ಲೇ ಇರುತ್ತೇವೆಂದು ತೋರಿಸಲು ಅಲೆಕ್ಸಾಂಡರ್ ಶಿಬಿರಕ್ಕೆ ಕಾಳುಕಡಿ ಹೇರಿಸಿದ. ಕೊನೆಗೆ ಗುಡುಗು ಮಳೆಯ ಒಂದು ರಾತ್ರಿ, ಸೈನ್ಯದ ಒಂದು ಭಾಗವನ್ನು ಅಲ್ಲೇ ಬಿಟ್ಟು, ಹೆಚ್ಚುಕಡಿಮೆ 27 ಕಿಲೋಮೀಟರ್ ಮೇಲಕ್ಕೆ ಹೋಗಿ ಗಿಡಮರದ ನಡುಗಡ್ಡೆಯೊಂದರ ಮರೆಯಲ್ಲಿ ದಾಟಿದ. ದೋಣಿಗಳೋ, ಸಿಂಧೂ ನದಿಯಲ್ಲಿದ್ದವನ್ನು ತುಂಡು ಮಾಡಿ ಗಾಡಿಯಲ್ಲಿ ಹೇರಿಕೊಂಡು ಬಂದವು.

‘ಆಚೆ ದಂಡಿ ಮುಟ್ಟಿದೆ ಅಂತ ಇಳಿದನಂತ ಅಜ್ಜಾರ,’ ಎಂದೆ, ‘ನೋಡಿದರ ಅದೂ ನಡುಗಡ್ಡಿನ. ಮುಂದ ಇನ್ನೊಂದು ಹಳ್ಳ, ಎದಿ ಮಟ ನೀರು. ಕುದುರಿ ತಲಿ ಅಷ್ಟ ಮ್ಯಾಲೆ.’

ಅಜ್ಜ ನಾಲಿಗೆ ಲೊಚಗುಟ್ಟಿದರು. ‘ಆ ಊರ ಅಂಬಿಗರನ್ನ ಕೇಳಬೇಕಾಗಿತ್ತು. ಯಾರನ್ನೂ ಕೇಳಿಲ್ಲ ಅವಾ.’

ಜಗತ್ತನ್ನೇ ಗೆಲ್ಲಲು ಹೊರಟವನ ಬಗ್ಗೆ ಎಷ್ಟೋ ಪುಸ್ತಕ ಓದಿದ್ದೇನೆ. ಇಷ್ಟು ನೆಟ್ಟಗಿನ ವಿಮರ್ಶೆ ಎಲ್ಲೂ ಕಂಡಿಲ್ಲ.

ಆನೆಗಳು ಮೇಲ್ಗಡೆ ತಲುಪಿದವು. ಈಟಿಯ ಗುಂಪಿಗೆ ಮೊದಲ ಆನೆ ನುಗ್ಗಿತು. ಹುಡುಗ ಕುರ್ಚಿಯಿಂದ ಅರ್ಧ ಎದ್ದಿದ್ದಾನೆ, ಅಜ್ಜ ‘ತುಳಿ, ತುಳಿ!’ ಎನ್ನುತ್ತಿದ್ದಾರೆ, ನನ್ನ ಕೈಯಲ್ಲಿನ ಕರಚಿಕಾಯಿ ಮುರಿದು ಪುಡಿಯೆಲ್ಲ ಲುಂಗಿ ಮೇಲೆ. ಅಷ್ಟರಲ್ಲಿ ಕರೆಂಟು ಹೋಯಿತು.

ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿದೆ. ಕೀಂ ಎಂದಿತು, ನಿಂತಿತು. 200 ಜನರ ರಾಜ್ಯ, ಆನೆ, ನದಿ, ಎಲ್ಲವೂ ಒಮ್ಮೆಗೇ ಕಪ್ಪು. ಹುಡುಗನ ಬಾಯಿಂದ ಹಬ್ಬದ ದಿನ ಬರಬಾರದ ಮಾತೊಂದು ಬಂತು. ಅಡಿಗೆ ಮನೆಯಿಂದ ತಂಗಿ ‘ಏಯ್!’ ಅಂದಳು.

ಕಟ್ಟೆಗೆ ಬನ್ನಿ, ಒಳಗೆ ಸೆಕೆ. ಓಣಿ ತುಂಬ ಹಣತೆ. ಪಾಂಡವರ ಮುಂದಿನ ದೀಪಕ್ಕೆ ಅವರ ನೆರಳು ಗೋಡೆಯೆತ್ತರ ಬೆಳೆದಿದೆ. ಬೆಳಗಾವಿಯಲ್ಲಾದರೆ ಈ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ ಮೇಲೆ ಗೊಂಬೆ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ಇಲ್ಲಿ ನಿಜದ ಕಿಲ್ಲೆಯೇ ಇದೆ, ಭಾವೆ ಅರಸರದ್ದು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದವನ್ನೂ ಇದನ್ನೂ ಮುತ್ತಿತ್ತು. ಊರಿನ ಮಕ್ಕಳಿಗೆ ಆ ಗೋಡೆ ಎಷ್ಟು ರೂಢಿಯಾಗಿದೆಯೆಂದರೆ ಅದೂ ಒಂದು ಆಟದ ಕೋಟೆಯಂತೆ ಯಾರಿಗೂ ಕಂಡಿಲ್ಲ.

‘ಆ ಕಪ್ಪು ಮೂಲಿ ನಾ ನೋಡಿರಲಿಲ್ಲ ಮಾಮಾ,’ ಎಂದ ಹುಡುಗ. ‘ಒಬ್ಬ ಸವಾರನ್ನ ಕಳಿಸಿದ್ರ ಸಾಕಿತ್ತು.’

‘ಮ್ಯಾನ್ಸನ್‌ಗೂ ಯಾರೋ ಹೇಳಿದ್ರು,’ ಅಂದರು ಅಜ್ಜ.

ಇದು ಈ ತಾಲ್ಲೂಕಿನ ಕತೆ. 1858ರ ಮೇ ತಿಂಗಳು. ಬ್ರಿಟಿಷ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದಿದ್ದ. ಇಲ್ಲಿನ ಅರಸ, ನರಗುಂದದ ದೊರೆ ಬಾಬಾಸಾಹೇಬರ ಮಲತಮ್ಮ. ಅಣ್ಣನ ಸೀಮೆಯಲ್ಲಿ ಇಷ್ಟು ಕಡಿಮೆ ಜನರೊಂದಿಗೆ ಹೋಗಬೇಡ ಎಂದು ಎಚ್ಚರಿಸಿದ. ಮ್ಯಾನ್ಸನ್ ಹೋದ. 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬರ ದಂಡು ಕತ್ತಲಿನಿಂದ ಬಂದು ಎರಗಿತು. ಅವನ ತಲೆ ನರಗುಂದದ ಬಾಗಿಲಿಗೆ ಹೋಯಿತು. ಜೂನ್ 12ಕ್ಕೆ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎರಡು ವಾರದ ಅವಧಿ.

ಮಾತು ನಿಂತಿತು. ಮಗ್ಗವಿಲ್ಲ, ಕರೆಂಟಿಲ್ಲ, ಪಟಾಕಿಯೂ ಮುಗಿದಿದೆ. ಕೇಳಿಸಿಕೊಳ್ಳಿ. ಮನೆಗಳ ಹಿಂದೆ, ತಗ್ಗಿನಲ್ಲಿ, ಅಕ್ಕಿ ತೊಳೆದಂಥ ಒಂದು ಸಪ್ಪಳ.

‘ಹೊಳಿ,’ ಎಂದರು ಅಜ್ಜ. ‘ಲೂಮ್ ಬಂದ ಮ್ಯಾಲೆ ಇದು ಕೇಳೂದ ಬಿಟ್ಟಿತ್ತ. ನಮ್ಮಪ್ಪ ಕತ್ತಲ್ಯಾಗ ಸಪ್ಪಳದ ಮ್ಯಾಲೆ ಹೊಳಿ ಹಾಯತಿದ್ದ. ಗುಳುಗುಳು ಅನ್ನೋ ಕಡೆ ನೀರು ತೆಳು, ಕೆಳಗ ಕಲ್ಲು. ಸುಮ್ಮನಿದ್ದಲ್ಲಿ ಮಡು. ತಿರುವಿನ್ಯಾಗ ಎಂದೂ ಇಳೀಬಾರದು. ಹೊಳಿ ತಿರುಗೋ ಮುಂದ ನೆಲಾ ಕೊರೀತೈತಿ. ತಿರುವು ಮುಗದು ಸೀದಾ ಆಗತೈತಲ್ಲ, ಅಲ್ಲಿ ಹಾಯಬೇಕು.’

‘ಹತ್ತೊಂಬತ್ತರಾಗ?’

‘ಹತ್ತೊಂಬತ್ತರಾಗ ಸಪ್ಪಳನ ಇರ್ಲಿಲ್ಲ. ಸುಮ್ಮನ ಬಂತು. ಹೊಸ್ತಿಲ ಮ್ಯಾಲೆ ನಾಯಿ ಹಂಗ ಬಂದು ನಿಂತಿತ್ತು.’

ಆ ವರ್ಷ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ದಂಡೆಯ ಊರುಗಳನ್ನೆಲ್ಲ ಹೊಕ್ಕಿತು. ಹುಡುಗನಿಗೆ ಆಗ ಒಂಬತ್ತು ವರ್ಷ. ಅಜ್ಜನ ಹೆಗಲ ಮೇಲೆ ಕೂತು ಓಣಿ ದಾಟಿದ್ದು ಅವನಿಗೆ ನೆನಪಿದೆ. ಅಜ್ಜ ಪ್ರತಿ ಹೆಜ್ಜೆಗೂ ಕೋಲಿನಿಂದ ನೆಲ ಮುಟ್ಟಿ ನೋಡಿದ್ದೂ ನೆನಪಿದೆ.

‘ಮಾಮಾ, ಅಲೆಕ್ಸಾಂಡರ್ ಇಲ್ಲಿ ತನಕ ಯಾಕ ಬರಲಿಲ್ಲ?’

ಬಿಯಾಸ್ ನದಿಯ ದಡದಲ್ಲಿ ಅವನ ಸಿಪಾಯಿಗಳೇ ಇನ್ನು ಸಾಕು ಎಂದು ಕೂತುಬಿಟ್ಟರು. ಅಲ್ಲಿಂದ ಹಿಂದಿರುಗಿದ. ಆದರೆ ಈಜಿಪ್ಟಿನಲ್ಲಿ ತನ್ನ ಹೆಸರಿನ ಒಂದು ಊರು ಕಟ್ಟಿದ್ದನಲ್ಲ, ಅಲೆಕ್ಸಾಂಡ್ರಿಯಾ, ಅಲ್ಲಿ ಸುಮಾರು ನಾಲ್ಕೂವರೆ ನೂರು ವರ್ಷದ ಮೇಲೆ, ಕ್ರಿಸ್ತಶಕ 2ನೇ ಶತಮಾನದಲ್ಲಿ, ಟಾಲೆಮಿ ಎಂಬ ಪಂಡಿತ ಜಗತ್ತಿನ ಊರುಗಳ ಪಟ್ಟಿ ಬರೆದ. ವ್ಯಾಪಾರಿಗಳ, ನಾವಿಕರ ಬಾಯಿಂದ ಕೇಳಿದ ಹೆಸರುಗಳು. ಅದರಲ್ಲಿ ಬನವಾಸಿ ಇದೆ. ‘ಬದಿಯಾಮಯೊಯ್’ ಎಂದಿದೆ, ಬಾದಾಮಿ ಎನ್ನುತ್ತಾರೆ ವಿದ್ವಾಂಸರು. ‘ಪೆಟಿರ್ಗಾಲ’ ಎಂದಿದೆ, ಅದು ಪಟ್ಟದಕಲ್ಲಂತೆ. ಈ ಮನೆಯ ಹಿಂದೆ ಸಪ್ಪಳ ಮಾಡುತ್ತಿರುವ ನೀರು ಇಲ್ಲಿಂದ ಮೂಡಲಕ್ಕೆ ಹರಿದು ತಲುಪುವುದು ಆ ಕಣಿವೆಗೇ. ಪಟ್ಟದಕಲ್ಲಿನ ಗುಡಿಗಳನ್ನು ಬಳಸಿ, ಐಹೊಳೆ ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಗೆ. ಗುಡಿಗಳಿಗೂ ಐನೂರು ವರ್ಷ ಮೊದಲೇ ಕಡಲಾಚೆಯವನ ಕಿವಿಗೆ ಹೆಸರು ಬಿದ್ದಿತ್ತು.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಹಂಗಾರ ನಮ್ಮ ಹೊಳಿ ಸುದ್ದಿ ಅವರಿಗೆ ಗೊತ್ತಿತ್ತು’ ಎಂದ. ಆಮೇಲೆ, ‘ಪುಲಿಕೇಶಿ ಹರ್ಷನ್ನ ನರ್ಮದಾ ದಾಟಗೊಡಲಿಲ್ಲ. ಹೊಳಿ ಕಾಯೂದರಾಗ ಪೋರಸ್‌ಗಿಂತ ನಮ್ಮಾವ ಗಟ್ಟಿ.’ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಹೊಗಳಿ ಕೆತ್ತಿಸಿದ್ದೂ ಇದನ್ನೇ. ಹತ್ತನೇ ಈಯತ್ತೆಯವನು ಅಷ್ಟು ಸಂಸ್ಕೃತವಿಲ್ಲದೆ ಒಂದೇ ಉಸಿರಿಗೆ ಮುಗಿಸಿದ.

ಕರೆಂಟು ಬಂತು. ಓಣಿ ತುಂಬ ಹೋ ಎಂಬ ಕೂಗು.

‘ಆಟೊಸೇವ್ ಆಗಿರ್ತೈತಿ,’ ಎನ್ನುತ್ತ ಹುಡುಗ ಒಳಗೆ ಓಡಿದ. ಆದರೆ ನಾವು ಹೋಗಿ ನೋಡುವಷ್ಟರಲ್ಲಿ ಯುದ್ಧವನ್ನು ತೆರೆದಿರಲಿಲ್ಲ. ಆಟದ ಜೊತೆಗೇ ಬರುವ ಎಡಿಟರ್ ತೆರೆದಿದ್ದ. ಬೇಕಾದ ನಕಾಶೆ ನಾವೇ ಬರೆದುಕೊಳ್ಳುವ ಜಾಗ. ಬರೀ ಹುಲ್ಲು. ಅದರ ಮೇಲೆ ಮೌಸಿನಿಂದ ನೀರು ಬಳಿಯುತ್ತಿದ್ದ, ಪಡುವಣದಿಂದ ಮೂಡಲಕ್ಕೆ. ಎರಡೂ ಬದಿಗೆ ಗುಡ್ಡ ಎಬ್ಬಿಸಿದ. ದಕ್ಷಿಣಕ್ಕೆ ನರಗುಂದಕ್ಕೊಂದು ಕೋಟೆ. ಇತ್ತ ಒಂದು ಚಿಕ್ಕ ಕೋಟೆ, ಅದರ ಪಕ್ಕ ಒಂದೇ ಒಂದು ಮನೆ. ನೀರಿಗೆ ಬಲು ಹತ್ತಿರ.

ಆಮೇಲೆ ನಸುಬಣ್ಣ ಹಿಡಿದು ನದಿಯ ತಿರುವಿನಲ್ಲಿ ಒಂದು ಪಟ್ಟಿ ಎಳೆದ.

‘ಅಲ್ಲಲ್ಲೋ!’ ಅಜ್ಜನ ಬೆರಳು ಗಾಜಿಗೆ ಬಡಿಯಿತು. ಲಾಳಿ ಎಳೆದೆಳೆದು ಮೊಂಡಾದ ಬೆರಳು. ಅದರ ಕುಂಕುಮ ಸ್ಕ್ರೀನಿಗೆ ಅಂಟಿತು. ‘ಅದು ಮಡು. ಇನ್ನಟ ಈಚೆ ಬಾ. ಸೀದಾ ಆಗಲಿ. ಇನ್ನಟ. ಹಾಂ, ಅಲ್ಲಿ.’

ಹುಡುಗ ತಿರುವಿನದನ್ನು ಅಳಿಸಿ ಅಲ್ಲಿ ಎಳೆದ. ಒಬ್ಬ ಮನುಷ್ಯನನ್ನು ದಡದಲ್ಲಿ ಇಟ್ಟ. ಒಂದು ಚಿಟಿಕೆ. ಪುಟ್ಟ ಮನುಷ್ಯ ನೀರಿಗಿಳಿದು ಆಚೆ ಹೋದ.

ಅಜ್ಜ ಕನ್ನಡಕ ಇಳಿಸಿಕೊಂಡು ನೋಡಿದರು. ಮುಖದಲ್ಲಿ ಸಮಾಧಾನವಿಲ್ಲ.

‘ಸಪ್ಪಳ ಎಲ್ಲೈತಿ ಇದಕ್ಕ? ಸಪ್ಪಳ ಇಲ್ದ ಅವಗ ಹ್ಯಾಂಗ ಗೊತ್ತಾಗಬೇಕು?’

ಹುಡುಗ ಕೈ ಚಾಚಿ ಸ್ಪೀಕರಿನ ತಿರುಪನ್ನು ಪೂರ್ತಿ ತಿರುವಿದ.