ಜಿನೀವಾದ ಕರಡು, ಹರದನಹಳ್ಳಿಯ ಪ್ರಧಾನಿ

2025ರ ಮೊದಲ ಐದು ತಿಂಗಳಲ್ಲಿ ಮೂವರು ಹಿರಿಯರು ತೀರಿಕೊಂಡರು. ಜನವರಿ 4ರಂದು ಆರ್. ಚಿದಂಬರಂ, ಏಪ್ರಿಲ್ 25ರಂದು ಕೆ. ಕಸ್ತೂರಿರಂಗನ್, ಮೇ 20ರಂದು ಎಂ.ಆರ್. ಶ್ರೀನಿವಾಸನ್. ಒಬ್ಬರು ಅಣುಪರೀಕ್ಷೆಯವರು, ಒಬ್ಬರು ಉಪಗ್ರಹದವರು, ಒಬ್ಬರು ಅಣು ವಿದ್ಯುತ್ತಿನವರು ಎಂದು ವಿಂಗಡಿಸಿ ಪತ್ರಿಕೆಗಳು ಶ್ರದ್ಧಾಂಜಲಿ ಬರೆದವು. ಮೂವರೂ ಮಾಡಿದ ಇನ್ನೊಂದು ಕಸುಬಿನ ಬಗ್ಗೆ ಹೆಚ್ಚು ಮಾತು ಬರಲಿಲ್ಲ. ಹೊರದೇಶಗಳೊಡನೆ ತಂತ್ರಜ್ಞಾನದ ವ್ಯವಹಾರ ನಡೆಯುವಾಗ ಸರ್ಕಾರದ ಪಕ್ಕದಲ್ಲಿ ಕೂತು, ಇದು ಆಗುತ್ತದೆ, ಇದು ಆಗದು, ಇದಕ್ಕೆ ಸಹಿ ಹಾಕಿದರೆ ಇಪ್ಪತ್ತು ವರ್ಷದ ಮೇಲೆ ಕೈ ಕಟ್ಟಿಹೋಗುತ್ತದೆ ಎಂದು ಹೇಳುವ ಕಸುಬು ಅದು. ಅದು ಹೇಗಿತ್ತು, ಹೇಗಾಯಿತು ಎಂದು ತಿಳಿಯಲು ಕಡತಗಳು ಅಷ್ಟಾಗಿ ನೆರವಾಗವು. ಕಡತದಲ್ಲಿ ತೀರ್ಮಾನ ಸಿಗುತ್ತದೆ, ತೀರ್ಮಾನಕ್ಕೆ ಮುಂಚೆ ಯಾರು ಯಾರನ್ನು ತಡೆದರು ಎಂಬುದು ಸಿಗುವುದಿಲ್ಲ. ಆ ವರ್ಷಗಳನ್ನು ಕಣ್ಣಾರೆ ಕಂಡವರ ನೆನಪನ್ನೇ ನಂಬಬೇಕು. ಆ ನೆನಪಿನಿಂದ ಹುಟ್ಟುವ ವಾದ ಇಷ್ಟು: ಸಲಹೆಯ ಬೆಲೆಯಲ್ಲಿ ಅರ್ಧ ಮಾತ್ರ ಸಲಹೆಗಾರನ ವಿದ್ವತ್ತಿನದು. ಕೇಳುವವನಿಗೆ ಅದನ್ನು ಒಪ್ಪುವ, ತಳ್ಳುವ ಧೈರ್ಯ ಎರಡೂ ಇರಬೇಕು, ಹೇಳಿದವನು ಮಾರನೆಯ ದಿನವೂ ತನ್ನ ಜಾಗದಲ್ಲಿ ಉಳಿಯಬೇಕು. ಉಳಿದರ್ಧ ಬೆಲೆ ಅಲ್ಲಿದೆ.

ಇದಕ್ಕೆ ಸಾಕ್ಷಿಯಾಗಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯನ್ನು ಎತ್ತಿಕೊಂಡರೆ ನಗುವವರು ಈಗಲೂ ಇದ್ದಾರೆ. 1996ರ ಜೂನ್ 1ರಂದು ಆ ಊರಿನ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ದಿಲ್ಲಿಯವರು ನಕ್ಕದ್ದೂ ಹೀಗೆಯೇ. ಹಿಂದಿ ಬಾರದು, ಸಭೆಯಲ್ಲಿ ಕಣ್ಣು ಮುಚ್ಚುತ್ತಾರೆ, ಮುದ್ದೆ ಉಣ್ಣುತ್ತಾರೆ ಎಂಬಷ್ಟಕ್ಕೆ ಅವರ ಪರಿಚಯ ಮುಗಿಯುತ್ತಿತ್ತು. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಕಂಟ್ರ್ಯಾಕ್ಟ್ ಕೆಲಸ ಹಿಡಿದು, ಹೇಮಾವತಿ, ಕಾವೇರಿಗಳ ನೀರಿನ ಲೆಕ್ಕದಲ್ಲೇ ರಾಜಕೀಯ ಕಲಿತವರಿಗೆ ಅಣು ಒಪ್ಪಂದದ ಒಳಸುಳಿ ಹೇಗೆ ತಿಳಿದೀತು ಎಂದು ಕೇಳಿದರು. ಎಲ್ಲ ತಿಳಿದಿರಬೇಕಾಗಿರಲಿಲ್ಲ, ಕೇಳುವುದು ಗೊತ್ತಿದ್ದರೆ ಸಾಕಿತ್ತು. ಎಸ್ಟಿಮೇಟು, ಅಳತೆ ಪುಸ್ತಕ ನೋಡಿ ಪಳಗಿದವನಿಗೆ ಎಂಜಿನಿಯರು ಎಲ್ಲಿ ಖಚಿತವಾಗಿ ಮಾತಾಡುತ್ತಾನೆ, ಎಲ್ಲಿ ತೇಲಿಸುತ್ತಾನೆ ಎಂಬುದು ಮುಖ ನೋಡಿಯೇ ತಿಳಿಯುತ್ತದೆ. ಹೊರದೇಶದ ತಂತ್ರಜ್ಞಾನ ನಂಬಿದರೆ ಏನಾಗುತ್ತದೆ ಎಂಬುದೂ ಹಾಸನದ ಸೀಮೆಗೆ ಹೊಸದಾಗಿರಲಿಲ್ಲ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಹಾಸನದಲ್ಲಿ 1982ರಲ್ಲಿ ಶುರುವಾಯಿತು. ಅದೇ ಏಪ್ರಿಲ್‌ನಲ್ಲಿ ಹಾರಿದ, ಅಮೆರಿಕದ ಫೋರ್ಡ್ ಕಂಪನಿ ಕಟ್ಟಿಕೊಟ್ಟ ಇನ್‌ಸ್ಯಾಟ್-1ಎ ಐದು ತಿಂಗಳು ತುಂಬುವ ಮುಂಚೆ ಕೈಕೊಟ್ಟಿತು. ಹತ್ತು ವರ್ಷ ಕಳೆದು, 1992ರಲ್ಲಿ, ನಮ್ಮವರೇ ಕಟ್ಟಿದ ಇನ್‌ಸ್ಯಾಟ್-2ಎ ಮೇಲೇರಿತು.

ಗೌಡರು ಕುರ್ಚಿಯಲ್ಲಿ ಕೂತಾಗ ಜಿನೀವಾದಲ್ಲಿ ಸಮಗ್ರ ಅಣುಪರೀಕ್ಷೆ ನಿಷೇಧ ಒಪ್ಪಂದದ ಕರಡು ಕೊನೆಯ ಹಂತದಲ್ಲಿತ್ತು. ಮೇಲುನೋಟಕ್ಕೆ ಅದು ಶಾಂತಿಯ ಮಾತು. ಅಣುಪರೀಕ್ಷೆ ಬೇಡ ಎನ್ನುವುದನ್ನು ಗಾಂಧಿಯ ದೇಶ ಹೇಗೆ ವಿರೋಧಿಸೀತು? ಇಲ್ಲಿಯೇ ಸಲಹೆಗಾರರ ಕೆಲಸ ಶುರುವಾಗುವುದು. ಆ ಹೊತ್ತಿಗೆ ಐದು ಅಣುರಾಷ್ಟ್ರಗಳು ಒಟ್ಟು 2,000ಕ್ಕೂ ಹೆಚ್ಚು ಸ್ಫೋಟ ನಡೆಸಿದ್ದವು. ಅಷ್ಟು ಮಾಹಿತಿ ಕೈಯಲ್ಲಿದ್ದವರು ಮುಂದೆ ಭೂಮಿ ನಡುಗಿಸದೆ, ಕಂಪ್ಯೂಟರಿನೊಳಗೇ ಬಾಂಬನ್ನು ತಿದ್ದಿಕೊಳ್ಳಬಲ್ಲರು. ಕರಡು ಸ್ಫೋಟವನ್ನು ನಿಷೇಧಿಸಿತು, ಆ ದಾರಿಯನ್ನು ಮುಟ್ಟಲಿಲ್ಲ. ಫ್ರಾನ್ಸ್ 1996ರ ಜನವರಿಯವರೆಗೆ ಸಿಡಿಸಿತ್ತು, ಚೀನಾ ಜುಲೈ ತಿಂಗಳ ಕೊನೆಯವರೆಗೂ ಸಿಡಿಸುತ್ತಲೇ ಇತ್ತು. 1974ರಲ್ಲಿ ಒಂದೇ ಒಂದು ಪರೀಕ್ಷೆ ಮಾಡಿದ್ದ ಭಾರತಕ್ಕೆ ಮಾತ್ರ ಬಾಗಿಲು ಪೂರ್ತಿ ಮುಚ್ಚುತ್ತಿತ್ತು. ಅಣ್ವಸ್ತ್ರಗಳನ್ನು ಇಂತಿಷ್ಟು ಕಾಲದಲ್ಲಿ ಇಲ್ಲವಾಗಿಸುತ್ತೇವೆ ಎಂಬ ಮಾತು ಕರಡಿನಲ್ಲಿ ಇರಲೇ ಇಲ್ಲ. ಜೂನ್ 20ರಂದು ಭಾರತದ ಪ್ರತಿನಿಧಿ ಅರುಂಧತಿ ಘೋಷ್, ಕರಡು ಇದೇ ರೂಪದಲ್ಲಿದ್ದರೆ ಸಹಿ ಇಲ್ಲ ಎಂದು ಜಿನೀವಾದಲ್ಲಿ ಹೇಳಿದರು. ಅನುಮೋದಿಸದೆ ಒಪ್ಪಂದ ಜಾರಿಗೆ ಬಾರದ 44 ದೇಶಗಳ ಪಟ್ಟಿಗೆ ನಮ್ಮ ಹೆಸರನ್ನು ಸೇರಿಸಿ ಒತ್ತಡ ಹೇರಿದಾಗಲೂ ನಿಲುವು ಬದಲಾಗಲಿಲ್ಲ. ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ಮತಕ್ಕೆ ಹಾಕಿದಾಗ ಪರ 158, ವಿರುದ್ಧ 3. ಭಾರತದ ಜೊತೆ ನಿಂತದ್ದು ಭೂತಾನ್ ಮತ್ತು ಲಿಬಿಯಾ ಮಾತ್ರ.

ಅಷ್ಟು ಒಂಟಿಯಾಗಿ ನಿಲ್ಲುವ ಧೈರ್ಯ ಅಲ್ಪಮತದ, ಹದಿಮೂರು ಪಕ್ಷಗಳ ಸರ್ಕಾರಕ್ಕೆ ಎಲ್ಲಿಂದ ಬಂತು? ಅದು ರಾಜಕೀಯದ ಲೆಕ್ಕಾಚಾರವಷ್ಟೇ, ಎಲ್ಲ ಪಕ್ಷಗಳೂ ಒಪ್ಪಂದದ ವಿರುದ್ಧವಿದ್ದವು, ಇದರಲ್ಲಿ ಸಲಹೆಗಾರರ ಪಾತ್ರವೇನು ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಉತ್ತರ ಅದೇ ಕಾಲದ ಇನ್ನೊಂದು ತೀರ್ಮಾನದಲ್ಲಿದೆ. ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿ ಚಿದಂಬರಂ, ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿ ಅಬ್ದುಲ್ ಕಲಾಂ ಇದ್ದ ಕಾಲ ಅದು. ಪರೀಕ್ಷೆ ನಡೆಸೋಣ ಎಂಬ ಒತ್ತಾಯ ವಿಜ್ಞಾನಿಗಳಿಂದ ಬಂದಿತ್ತು, ಮೊದಲು ದೇಶದ ಹಣಕಾಸು ಸರಿಹೋಗಲಿ ಎಂದು ತಡೆದೆ ಎಂದು ಗೌಡರೇ ಮುಂದೆ ಹೇಳಿಕೊಂಡರು. ಸಹಿ ಬೇಡ ಎಂಬ ಸಲಹೆಯನ್ನು ಒಪ್ಪಿದವರೇ, ಈಗಲೇ ಸಿಡಿಸೋಣ ಎಂಬ ಸಲಹೆಯನ್ನು ಪಕ್ಕಕ್ಕಿಟ್ಟರು. ಆಮೇಲೂ ಚಿದಂಬರಂ, ಕಲಾಂ ತಮ್ಮ ಜಾಗದಲ್ಲೇ ಇದ್ದರು. 1998ರ ಮೇ ತಿಂಗಳಲ್ಲಿ ಬೇರೆ ಪ್ರಧಾನಿಯ ಕೈಕೆಳಗೆ ಪೋಖ್ರಾನ್ ಅಣುಪರೀಕ್ಷೆ ನಡೆಸಿದವರೂ ಅವರೇ. ಸಲಹೆ ಸ್ವತಂತ್ರವಾಗಿತ್ತು ಎನ್ನಲು ಅದು ತಿರಸ್ಕಾರಗೊಂಡ ಸಂದರ್ಭಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ನಿಲುವಿನ ಸರಿತಪ್ಪನ್ನೂ ಕಾಲ ಹೇಳಿದೆ. 1999ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೆನೆಟ್ಟೇ ಆ ಒಪ್ಪಂದವನ್ನು ತಳ್ಳಿತು, ಚೀನಾ ಅದನ್ನು ಅನುಮೋದಿಸಿಲ್ಲ, ರಷ್ಯಾ 2023ರಲ್ಲಿ ತನ್ನ ಅನುಮೋದನೆಯನ್ನು ವಾಪಸು ಪಡೆಯಿತು.

ಆ ತಲೆಮಾರಿನ ಸಲಹೆಗಾರರಲ್ಲಿ ಒಬ್ಬರನ್ನು ನೆನೆಯಬೇಕಾದರೆ ಅದು ಶ್ರೀನಿವಾಸನ್. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಇಂಟರ್‌ಮೀಡಿಯಟ್ ಓದಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ಕೆನಡಾದ ಮೆಗಿಲ್‌ಗೆ ಹೋಗಿ ಡಾಕ್ಟರೇಟ್ ಮಾಡಿ, 1955ರಲ್ಲಿ ಹೋಮಿ ಭಾಭಾ ಅವರ ತಂಡ ಸೇರಿದವರು. ಅವರ ಸಲಹೆಗೆ ತೂಕ ಬಂದದ್ದು ಪದವಿಗಳಿಂದಲ್ಲ. ತಾರಾಪುರದ ಸ್ಥಾವರವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಟ್ಟುವಾಗ ಅವರು ಆ ಯೋಜನೆಯ ಎಂಜಿನಿಯರು. ಇಂಧನ ಕೊಡುತ್ತೇವೆಂದು ಬರೆದುಕೊಟ್ಟವರು 1974ರ ನಂತರ ತಕರಾರು ತೆಗೆದು, 1978ರಲ್ಲಿ ಹೊಸ ಕಾನೂನನ್ನೇ ಮಾಡಿ ಕೈ ಹಿಂದೆಗೆದದ್ದನ್ನು ಹತ್ತಿರದಿಂದ ಕಂಡರು. ರಾಜಸ್ಥಾನದ ಸ್ಥಾವರವನ್ನು ಕೆನಡಾ ಅರ್ಧದಲ್ಲಿ ಬಿಟ್ಟು ಹೋದಾಗ ಉಳಿದದ್ದನ್ನು ನಮ್ಮ ಎಂಜಿನಿಯರುಗಳೇ ಮುಗಿಸಿದರು. ಒಪ್ಪಂದದ ಒಂದು ವಾಕ್ಯ ಓಡುತ್ತಿರುವ ಯಂತ್ರಕ್ಕೆ ಏನು ಮಾಡುತ್ತದೆ ಎಂಬುದನ್ನು ಪುಸ್ತಕದಿಂದ ಕಲಿಯಲಾಗದು. ಅಣುಶಕ್ತಿ ಆಯೋಗದ ಅಧ್ಯಕ್ಷತೆ ಮುಗಿಸಿ, 1990ರಿಂದ ಎರಡು ವರ್ಷ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಲ್ಲಿ ಹಿರಿಯ ಸಲಹೆಗಾರರಾಗಿದ್ದರು. ಮೇಜಿನ ಆ ಬದಿಯೂ ಅವರಿಗೆ ಗೊತ್ತಾಯಿತು. 1996ರಿಂದ 1998ರವರೆಗೆ ಯೋಜನಾ ಆಯೋಗದ ಸದಸ್ಯರು. ಆ ಕಾಲದ ಸಲಹೆ ಬಂದದ್ದು ಟೈಪು ಮಾಡಿದ ಕೆಲವೇ ಹಾಳೆಗಳಲ್ಲಿ, ಸೈಕ್ಲೋಸ್ಟೈಲ್ ಶಾಯಿಯ ಕಮಟು ವಾಸನೆಯೊಂದಿಗೆ. ಬಣ್ಣದ ಚಿತ್ರ ಇರಲಿಲ್ಲ, ಘೋಷಣೆ ಇರಲಿಲ್ಲ. ಮಂತ್ರಿಗೆ ಸಿಟ್ಟು ಬರಿಸುವ ಸಾಲು ಅದರಲ್ಲಿ ಒಂದಾದರೂ ಇರುತ್ತಿತ್ತು.

ಹಾಗೆಂದು ಗೌಡರ ಹತ್ತು ತಿಂಗಳ ಸರ್ಕಾರದ ಎಲ್ಲವನ್ನೂ ಹೊಗಳಿದರೆ ನೆನಪು ಸುಳ್ಳಾಗುತ್ತದೆ. ಅದೇ ಸರ್ಕಾರ 1997ರ ಮಾರ್ಚ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಕಂಪ್ಯೂಟರು, ದೂರಸಂಪರ್ಕ ಯಂತ್ರ, ಅವುಗಳ ಬಿಡಿಭಾಗಗಳ ಮೇಲಿನ ಆಮದು ಸುಂಕವನ್ನು 2005ರ ಹೊತ್ತಿಗೆ ಸೊನ್ನೆಗಿಳಿಸುವ ಮಾತು ಅದು. ಜಿನೀವಾದ ಕರಡಿನಷ್ಟೇ ದೂರಗಾಮಿ ತಂತ್ರಜ್ಞಾನ ತೀರ್ಮಾನ, ಆದರೆ ಬಂದದ್ದು ವಾಣಿಜ್ಯದ ಕಡತದಲ್ಲಿ, ಸುಂಕದ ಪಟ್ಟಿಯಾಗಿ. ಅಣು ಒಪ್ಪಂದದ ಬಗ್ಗೆ ಚಹಾ ಅಂಗಡಿಯಲ್ಲೂ ಚರ್ಚೆಯಾದ ದೇಶದಲ್ಲಿ ಇದರ ಬಗ್ಗೆ ಹೆಚ್ಚು ಯಾರೂ ಉಸಿರೆತ್ತಲಿಲ್ಲ. ಕರ್ನಾಟಕಕ್ಕೆ ಇದು ದೂರದ ಸಂಗತಿಯೇನಲ್ಲ. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ವಿನ್ಯಾಸ ಮಾಡಿದ, ಹವಾನಿಯಂತ್ರಣ ಬೇಡದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೆಲಸ ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅಂಥದ್ದನ್ನು ತಯಾರಿಸುತ್ತಿದ್ದ ಬೆಂಗಳೂರಿನ ಸರ್ಕಾರಿ ಕಾರ್ಖಾನೆ ಐಟಿಐ ಮುಂದೆ ಎಷ್ಟು ಸೊರಗಿತು ಎಂದು ದೂರವಾಣಿನಗರದವರನ್ನು ಕೇಳಬೇಕು. ಐಟಿಐ ಸೊರಗಲು ಆ ಒಪ್ಪಂದವೊಂದೇ ಕಾರಣ ಎನ್ನಲಾಗದು. ಆದರೆ 2015ರಲ್ಲಿ ಅದರ ಎರಡನೆಯ ಸುತ್ತಿಗೆ ಸೇರಲು ನಿರಾಕರಿಸುವಾಗ, ಮೊದಲ ಸುತ್ತಿನಿಂದ ದೇಶದ ಮಾಹಿತಿ ತಂತ್ರಜ್ಞಾನ ಉದ್ಯಮಕ್ಕೆ ದೊಡ್ಡ ಪೆಟ್ಟು ಬಿದ್ದಿತೆಂದು ಭಾರತ ಸರ್ಕಾರವೇ ಒಪ್ಪಿಕೊಂಡಿತು. ಒಬ್ಬನೇ ಪ್ರಧಾನಿ, ಹತ್ತೇ ತಿಂಗಳು, ಎರಡು ತಂತ್ರಜ್ಞಾನ ಒಪ್ಪಂದ. ವಿಜ್ಞಾನಿಗಳು, ರಾಯಭಾರಿಗಳು, ಸಂಸತ್ತು ಎಲ್ಲರೂ ಬಾಯಿಬಿಟ್ಟು ಮಾತಾಡಿದ ತೀರ್ಮಾನ ಗಟ್ಟಿಯಾಗಿ ನಿಂತಿತು. ಸದ್ದಿಲ್ಲದೆ ಆದದ್ದಕ್ಕೆ ಹದಿನೆಂಟು ವರ್ಷದ ಮೇಲೆ ಪರಿತಪಿಸಬೇಕಾಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆ ಸಲಹೆಗಾರರ ಕೂಟ ಸಣ್ಣದು, ನಗರದ ಓದಿದ ಮನೆಗಳ ಗಂಡಸರದ್ದು. 1962ರ ಅಣುಶಕ್ತಿ ಕಾಯಿದೆಯ ಮರೆಯಲ್ಲಿ ಯಾರಿಗೂ ಲೆಕ್ಕ ಕೊಡದೆ ಬೆಳೆದದ್ದು. ಇದು ನಿಜ. 2000ನೇ ಇಸವಿಗೆ 10,000 ಮೆಗಾವಾಟ್ ಅಣು ವಿದ್ಯುತ್ ಎಂಬ ಗುರಿ ಹಾಕಿದವರು ಅವರೇ, ಆ ವರ್ಷ ಕೈಗೆ ಬಂದದ್ದು 3,000ಕ್ಕೂ ಕಡಿಮೆ. ಕೈಗಾದ ಜನರನ್ನು ಕೇಳಿ ಕೈಗಾ ಅಣು ಸ್ಥಾವರ ಆಗಲಿಲ್ಲ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಈ ಪ್ರಶ್ನೆ ಎತ್ತಬೇಕಾಯಿತು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕಳಚಿ ಬಿದ್ದಾಗ ಕಾರಂತರ ಅನುಮಾನ ಬರೀ ಕವಿಕಲ್ಪನೆಯಲ್ಲ ಎಂದು ಎಲ್ಲರಿಗೂ ತಿಳಿಯಿತು. ಆದ್ದರಿಂದ ಹಳೆಯದು ಹಾಗೆಯೇ ಮರಳಿ ಬರಲಿ ಎನ್ನುವುದು ವಾದವಲ್ಲ. ಹೊರಗಿನವರ ಮುಂದೆ ಎದೆಯೊಡ್ಡಿ ಮಾತಾಡಿದವರು ಒಳಗಿನವರ ಮಾತಿಗೆ ಕಿವಿಗೊಡಲಿಲ್ಲ. ಅದು ಆ ತಲೆಮಾರಿನ ಸಾಲ, ತೀರಿಲ್ಲ. ಈಗಿನವರು ಆ ಕೂಟದ ಮುಚ್ಚಿದ ಬಾಗಿಲನ್ನು ಉಳಿಸಿಕೊಂಡು, ಒಳಗಿದ್ದ ಜಗಳವನ್ನು ಮಾತ್ರ ಬಿಟ್ಟುಬಿಟ್ಟರು ಎಂಬುದು ನನ್ನ ತಕರಾರು.

ಕಚೇರಿಗಳೇನೋ ದೊಡ್ಡವಾಗಿವೆ. ಪ್ರಧಾನ ವೈಜ್ಞಾನಿಕ ಸಲಹೆಗಾರರ ಹುದ್ದೆ ಬಂದದ್ದು 1999ರಲ್ಲಿ, ಪ್ರಧಾನಿಗಳ ವಿಜ್ಞಾನ ಮಂಡಳಿ ಹೊಸ ರೂಪ ಪಡೆದದ್ದು 2018ರಲ್ಲಿ. ಸಂಶೋಧನೆಗೆ ಹಣ ಹಂಚುವ ರಾಷ್ಟ್ರೀಯ ಪ್ರತಿಷ್ಠಾನವನ್ನು 2023ರಲ್ಲಿ ಕಾನೂನು ಮಾಡಿ ಕಟ್ಟಿದರು, ಅದರ ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ಸಲಹೆ ಕೇಳುವವರೇ ಸಲಹೆಗಾರರ ಸಭೆಗೂ ಯಜಮಾನರಾದರೆ ಬೇಡ ಎನ್ನುವವರು ಯಾರು? ಹಿಂದೆ ಬೇಡ ಎನ್ನುವವರಿದ್ದರು: 2006ರ ಆಗಸ್ಟ್‌ನಲ್ಲಿ ಅಮೆರಿಕದೊಡನೆಯ ಅಣು ಒಪ್ಪಂದದ ಷರತ್ತುಗಳ ಬಗ್ಗೆ ಸೇಠ್ನಾ, ಅಯ್ಯಂಗಾರ್, ಶ್ರೀನಿವಾಸನ್ ಮೊದಲಾದ ನಿವೃತ್ತ ವಿಜ್ಞಾನಿಗಳು ಸಂಸದರಿಗೆ ಬಹಿರಂಗ ಮನವಿ ಬರೆದರು. ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಸಭೆಯಲ್ಲಿ ಉತ್ತರ ಕೊಟ್ಟರು, ಆ ವಿಜ್ಞಾನಿಗಳನ್ನು ಕರೆಸಿಯೂ ಮಾತಾಡಿದರು. ಆದರೆ ಅಣು ವಿದ್ಯುತ್ತನ್ನು ಖಾಸಗಿಯವರಿಗೆ ತೆರೆಯುವ, 1962ರ ಕಾಯಿದೆಯನ್ನೇ ತೆಗೆದುಹಾಕುವ ಮಸೂದೆ 2025ರ ಡಿಸೆಂಬರ್‌ನಲ್ಲಿ ಒಂದೇ ವಾರದೊಳಗೆ ಎರಡೂ ಸದನಗಳನ್ನು ದಾಟಿತು. ಸಮಿತಿಗೆ ಕಳಿಸಿ ಎಂದು ವಿರೋಧಿಗಳು ಕೇಳಿದ್ದು ಗಾಳಿಗೆ ಹೋಯಿತು. ಕಾನೂನು ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು. ಅದರ ಬಗ್ಗೆ ಭಿನ್ನವಾಗಿ ಹೇಳಿದ ಒಬ್ಬ ಸರ್ಕಾರಿ ವಿಜ್ಞಾನಿಯ ಹೆಸರು ನಮಗೆ ಕೇಳಿಸಲಿಲ್ಲ.

ಚಂದ್ರಯಾನ-3 ಇಳಿದದ್ದು ಈಗಿನ ಕಾಲದಲ್ಲೇ ಅಲ್ಲವೇ, ನಾಸಾ ಜೊತೆ ಕಟ್ಟಿದ ನಿಸಾರ್ ಉಪಗ್ರಹ 2025ರ ಜುಲೈನಲ್ಲಿ ಹಾರಲಿಲ್ಲವೇ, ಆಗ ತಂತ್ರಜ್ಞಾನ ಕೊಡದೆ ಸತಾಯಿಸಿದವರು ಈಗ ಮನೆಗೆ ಬಂದು ಕೇಳುತ್ತಿಲ್ಲವೇ ಎಂದರೆ, ಹೌದು. ಆದರೆ ಈ ಫಸಲಿನ ಬಿತ್ತನೆ ಮೊದಲೇ ಆದದ್ದು. 1993ರಲ್ಲಿ ಅಮೆರಿಕದ ಒತ್ತಡಕ್ಕೆ ರಷ್ಯಾ ಕ್ರಯೋಜೆನಿಕ್ ತಂತ್ರಜ್ಞಾನ ಕೊಡದೆ ಹಿಂಜರಿದಾಗ ನಾವೇ ಕಟ್ಟೋಣ ಎಂದವರ ಹಟ ಅದರ ಹಿಂದಿದೆ. ಇಂದಿನ ಬಿತ್ತನೆಯನ್ನು ನೋಡಿದರೆ, ಸಂಶೋಧನೆಗೆ ದೇಶ ಒಟ್ಟು ಉತ್ಪನ್ನದ ಶೇಕಡಾ 0.64ರಷ್ಟನ್ನು ಮಾತ್ರ ಖರ್ಚು ಮಾಡುತ್ತಿದೆ ಎಂದು 2020-21ರ ಸರ್ಕಾರಿ ಲೆಕ್ಕವೇ ಹೇಳುತ್ತದೆ. ಶೇಕಡಾ 2 ಎಂಬ ಮಾತು ನೀತಿಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಈ ಅಂತರವನ್ನು ಪ್ರಧಾನಿಯ ಎದುರು ಕೂತು ಖಾರವಾಗಿ ಹೇಳುವವರು ಬೇಕು.

ಇಂಥ ಸಲಹೆಗೆ ಪರೀಕ್ಷೆಯ ಕಾಲವೂ ದೂರವಿಲ್ಲ. 1996ರ ಡಿಸೆಂಬರ್ 12ರಂದು ದೇವೇಗೌಡರು ಮತ್ತು ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಜನವರಿಯಿಂದ ಮೇವರೆಗೆ ಫರಕ್ಕಾದಲ್ಲಿ ಹತ್ತು ಹತ್ತು ದಿನಕ್ಕೆ ನೀರು ಅಳೆದು, 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು ಮಾಡುವ ಲೆಕ್ಕ ಅದು. ಅದರ ಪಟ್ಟಿ ನಿಂತಿರುವುದು 1949ರಿಂದ 1988ರವರೆಗಿನ ಹರಿವಿನ ಸರಾಸರಿಯ ಮೇಲೆ. ಹಿಮಾಲಯದ ಹಿಮ, ಮಳೆಯ ರೀತಿ ಈಗ ಹಾಗಿಲ್ಲ. ಅವಧಿ 30 ವರ್ಷ, 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಹೊಸ ಲೆಕ್ಕವನ್ನು ಯಾವ ಜಲವಿಜ್ಞಾನಿಗಳು ಹಾಕಿದರು, ಅವರಲ್ಲಿ ಯಾರು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ ಎಂಬುದನ್ನು ಸಹಿಗೆ ಮುಂಚೆ ಸಂಸತ್ತಿನ ಮುಂದಿಡಿ ಎಂದು ನಮ್ಮ ಸಂಸದರು ಕೇಳಬೇಕು. ಕಾವೇರಿ, ಹೇಮಾವತಿಗಳ ದಡದ ನಮಗೆ ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ಬೇರೆಯವರು ಹೇಳಿಕೊಡಬೇಕಿಲ್ಲ. ಸಂಸದರು ಕೇಳದಿದ್ದರೆ, ಓದುಗರೇ, ಅವರನ್ನು ನೀವು ಕೇಳಿ.